ಮಳೆಗಾಲದಲ್ಲಿ ನಡುಗುವ ಕುದುರೆ: ಕಾರಣ ಹುಡುಕುವುದು ಹೇಗೆ?

ಪುನರ್ವಸು ಮಳೆ ಹಿಡಿದುಕೊಂಡರೆ ಸಾಕು, ನಮ್ಮ ಕಡೆ ಕುದುರೆ ಸಾಕಿದವರು ಕೇಳುವುದು ಒಂದೇ ಪ್ರಶ್ನೆ. "ಕುದುರೆ ನಡುಗ್ತಾ ಇದೆ ಮಾರಾಯ್ರೆ, ಏನು ಹೊದಿಸೋದು?" ಹೊದಿಸುವ ಮಾತು ಆಮೇಲೆ. ಯಾಕೆ ನಡುಗುತ್ತಿದೆ ಅನ್ನುವುದನ್ನು ಮೊದಲು ಪತ್ತೆ ಮಾಡಬೇಕು. ಕಾರಣ ತಿಳಿಯದೆ ಕಂಬಳಿ ಹೊದಿಸಿದರೆ ಎಷ್ಟೋ ಸಲ ತೊಂದರೆ ಹೆಚ್ಚಾಗುತ್ತದೆ.

ಮಲೆನಾಡಿನಲ್ಲಿ ಕುದುರೆಯನ್ನು ಕಾಡುವುದು ಚಳಿಗಿಂತ ಒದ್ದೆಯೇ ಜಾಸ್ತಿ. ಜುಲೈ ತಿಂಗಳಲ್ಲೂ ತೀರ್ಥಹಳ್ಳಿ, ಹೊಸನಗರದ ಹವೆ 20 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಮೈ ಒಣಗಿದ್ದು, ಹೊಟ್ಟೆ ತುಂಬ ಮೇವು ತಿಂದ ಕುದುರೆ ಸುಮಾರು 5 ಡಿಗ್ರಿವರೆಗೂ ಹೆಚ್ಚು ಕಷ್ಟವಿಲ್ಲದೆ ತಡೆದುಕೊಳ್ಳುತ್ತದೆ. ಅದರ ಕೂದಲು ನಿಮಿರಿ ನಿಂತು ನಡುವೆ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ಗಾಳಿಯೇ ಮೈಯ ಬಿಸಿಯನ್ನು ಕಾಯುವುದು. ಮಳೆಯಲ್ಲಿ ತೊಯ್ದರೆ ಕೂದಲು ಮೈಗೆ ಅಂಟುತ್ತದೆ, ಗಾಳಿಯ ಜಾಗಕ್ಕೆ ನೀರು ಬರುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಬಿಸಿಯನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ತೊಯ್ದ ಕುದುರೆಗೆ 15 ಡಿಗ್ರಿಯಲ್ಲೇ ಚಳಿ ಶುರುವಾಗುತ್ತದೆ. ಬೀಸುವ ಗಾಳಿಯೂ ಬಡಕಲು ಮೈಯೂ ಸೇರಿದರೆ ಇನ್ನೂ ಬೇಗ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲುಭಾಗವೂ ಇಲ್ಲ. ಪೇಟೆಯಲ್ಲಿ ಸಾಕಿದವರು ಮಾಡಿದ್ದನ್ನೇ ಘಟ್ಟದ ಅಂಚಿನಲ್ಲೂ ಮಾಡಿದರೆ ನಡೆಯುವುದಿಲ್ಲ. ಕೆಳಗಿನ ಪರೀಕ್ಷೆಗಳನ್ನು ಹೇಳಿದ ಕ್ರಮದಲ್ಲೇ ಮಾಡಿ. ಮುಂದಿನದಕ್ಕೆ ಹಾರಬೇಡಿ.

ಮೊದಲು ಜ್ವರ ನೋಡಿ

ಚಳಿಗೂ ನಡುಕ ಬರುತ್ತದೆ, ಜ್ವರಕ್ಕೂ ಬರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಕಿವಿ ಮುಟ್ಟಿ ತಣ್ಣಗಿದೆ ಅಂತ ತೀರ್ಮಾನ ಮಾಡಬೇಡಿ, ಜ್ವರ ಏರುವಾಗಲೂ ಕಿವಿ ತಣ್ಣಗಿರಬಹುದು. ಔಷಧಿ ಅಂಗಡಿಯಲ್ಲಿ ಸಿಗುವ ಡಿಜಿಟಲ್ ಥರ್ಮಾಮೀಟರ್ ಸಾಕು. ಅದಕ್ಕೊಂದು ದಾರ ಕಟ್ಟಿ, ತುದಿಗೆ ಕೊಬ್ಬರಿ ಎಣ್ಣೆ ಹಚ್ಚಿ. ಕುದುರೆಯ ಹಿಂದೆ ನಿಲ್ಲದೆ ಪಕ್ಕದಲ್ಲಿ, ತೊಡೆಗೆ ಒತ್ತಿಕೊಂಡು ನಿಂತು, ಬಾಲ ಸರಿಸಿ ಗುದದಲ್ಲಿ ಇಡಿ.

ದೊಡ್ಡ ಕುದುರೆಯ ಸಹಜ ಉಷ್ಣತೆ 37.2ರಿಂದ 38.3 ಡಿಗ್ರಿ ಸೆಲ್ಸಿಯಸ್. ಫ್ಯಾರನ್‌ಹೀಟ್‌ನಲ್ಲಿ 99ರಿಂದ 101. ಸುಮ್ನೆ ನಿಂತ ಕುದುರೆ 38.6 ದಾಟಿ ನಡುಗುತ್ತಿದ್ದರೆ ಅದು ಚಳಿಯ ತೊಂದರೆ ಅಲ್ಲ. ಹೊದಿಕೆ ಹುಡುಕುವುದನ್ನು ಬಿಟ್ಟು ಡಾಕ್ಟರಿಗೆ ಫೋನ್ ಮಾಡಿ. ಮಳೆಗಾಲದಲ್ಲಿ ದೊಡ್ಡ ನೊಣಗಳು ಕಚ್ಚಿ ಹರಡುವ ಸರ್ರಾ ರೋಗ, ಉಣ್ಣೆ ಹುಳ (ಉಣುಗು) ಕಚ್ಚಿ ಬರುವ ರಕ್ತದ ರೋಗ, ಇವೆರಡರಲ್ಲೂ ಜ್ವರ ಬಂದು ಹೋಗಿ ಮಾಡುತ್ತದೆ. ಇವತ್ತು ಇದ್ದ ಜ್ವರ ನಾಳೆ ಇರುವುದಿಲ್ಲ. ಕುದುರೆ ಮಾತ್ರ ದಿನದಿಂದ ದಿನಕ್ಕೆ ಸೊರಗುತ್ತದೆ. ತುಟಿ ಎತ್ತಿ ಒಸಡು ನೋಡಿ. ತಿಳಿ ಗುಲಾಬಿ ಇದ್ದರೆ ಸರಿ. ಬಿಳಿಚಿಕೊಂಡಿದ್ದರೆ, ಹಳದಿಯಾಗಿದ್ದರೆ ರಕ್ತ ಪರೀಕ್ಷೆ ಮಾಡಿಸಲೇಬೇಕು.

37ಕ್ಕಿಂತ ಕೆಳಗಿದ್ದು, ಕುದುರೆ ಮಂಕಾಗಿ ನಿಂತಿದ್ದರೆ ಅದೂ ತುರ್ತು. ಅಲ್ಲಿ ನಡುಕ ನಿಂತುಹೋಗಿದ್ದರೆ ಸಮಾಧಾನಪಡಬೇಡಿ. ನಡುಗುವುದಕ್ಕೂ ಮೈಯಲ್ಲಿ ಶಕ್ತಿ ಬೇಕು.

ನಡುಕದ ಜೊತೆ ಬೆವರು, ಕಾಲು ಕೆರೆಯುವುದು, ತಿರುಗಿ ತಿರುಗಿ ಪಕ್ಕೆ ನೋಡುವುದು ಕಂಡರೆ ಹೊಟ್ಟೆಶೂಲೆ. ಕೆಲಸ ಮಾಡಿ ಬಂದ ಮೇಲೆ ಹಿಂಭಾಗದ ಮಾಂಸ ಕಲ್ಲಿನಂತೆ ಬಿಗಿದು, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಅದು ಮಾಂಸಖಂಡದ ರೋಗ. ಅಂಥ ಕುದುರೆಯನ್ನು ಒಂದು ಹೆಜ್ಜೆಯೂ ನಡೆಸಬೇಡಿ.

ಜ್ವರ ಇಲ್ಲ, ಮೈ ಒದ್ದೆ

ಬೆರಳುಗಳನ್ನು ಕೂದಲಿನ ಬುಡಕ್ಕೆ ಇಳಿಸಿ. ಬೆನ್ನಿನ ಮೇಲೆ, ಸೊಂಟದ ಹತ್ತಿರ, ಮೊಣಕೈ ಹಿಂದೆ, ಕತ್ತಿನ ಜೂಲಿನ ಅಡಿ ಮುಟ್ಟಿ ನೋಡಿ. ಎಷ್ಟೋ ಸಲ ಮೇಲಿನ ಕೂದಲು ಮಾತ್ರ ಒದ್ದೆಯಾಗಿ ಚರ್ಮ ಒಣಗಿಯೇ ಇರುತ್ತದೆ. ಹಾಗಿದ್ದರೆ ಗಾಬರಿ ಬೇಡ, ಕುದುರೆಯ ಕೂದಲು ತನ್ನ ಕೆಲಸ ತಾನು ಮಾಡಿದೆ. ಚರ್ಮದವರೆಗೂ ನೀರು ಇಳಿದಿದ್ದರೆ ಕೂಡಲೇ ಒಣಗಿಸಬೇಕು.

ಗಾಳಿ ಬೀಸದ ಜಾಗಕ್ಕೆ ತನ್ನಿ. ಅಂಚು ನಯ ಮಾಡಿದ ಬಿದಿರಿನ ದಬ್ಬೆಯಿಂದ ನೀರನ್ನು ಕೆಳಕ್ಕೆ ಬಳಿದು ತೆಗೆಯಿರಿ. ಆಮೇಲೆ ಒಣಹುಲ್ಲನ್ನು ಹಿಡಿಯಾಗಿ ತಿರುಚಿಕೊಂಡು ಕೂದಲಿಗೆ ಎದುರಾಗಿ ಜೋರಾಗಿ ಉಜ್ಜಿ. ಉಜ್ಜಿದರೆ ರಕ್ತವೂ ಓಡಾಡುತ್ತದೆ, ಅಂಟಿದ ಕೂದಲೂ ಎದ್ದು ನಿಲ್ಲುತ್ತದೆ. ಕಿವಿಗಳನ್ನು ಬುಡದಿಂದ ತುದಿಗೆ ಮೆಲ್ಲಗೆ ಎಳೆದು ಒಣಗಿಸಿ.

ಇನ್ನು ಮುಖ್ಯವಾದ್ದು. ಬೆನ್ನು, ಸೊಂಟದ ಮೇಲೆ ನಾಲ್ಕು ಬೆರಳು ದಪ್ಪ ಒಣಹುಲ್ಲು ಹರಡಿ. ಅದರ ಮೇಲೆ ಗೋಣಿತಾಟು ಹಾಕಿ, ಅಗಲದ ಪಟ್ಟಿಯಿಂದ ಸಡಿಲವಾಗಿ ಕಟ್ಟಿ. ಮೈಯ ಬಿಸಿಗೆ ಆವಿ ಹುಲ್ಲಿನ ಮೂಲಕ ಮೇಲೆ ಬಂದು ಗೋಣಿಯನ್ನು ಒದ್ದೆ ಮಾಡುತ್ತದೆ. ಕೆಳಗೆ ಚರ್ಮ ಒಣಗುತ್ತದೆ. ಗಂಟೆ ಎರಡು ಗಂಟೆಯಲ್ಲಿ ಗೋಣಿ ತೆಗೆದು, ಹುಲ್ಲು ಕೊಡವಿ. ಒದ್ದೆ ಮೈಮೇಲೆ ನೇರವಾಗಿ ದಪ್ಪ ಹೊದಿಕೆ ಕಟ್ಟಿದರೆ ನೀರು ಒಳಗೇ ಸಿಕ್ಕಿಕೊಳ್ಳುತ್ತದೆ. ಹುಲ್ಲಿನ ಈ ಉಪಾಯಕ್ಕೆ ಕಾಸು ಖರ್ಚಿಲ್ಲ. ದುಬಾರಿ ಹೊದಿಕೆಗಳಿಗಿಂತ ನನಗೆ ಇದರ ಮೇಲೇ ಹೆಚ್ಚು ನಂಬಿಕೆ.

ಮುಂದೆ ಒಣ ಮೇವು ಹಾಕಿ, ಉಗುರು ಬೆಚ್ಚಗಿನ ನೀರು ಇಡಿ. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ನಡುಕ ಇಳಿಯಬೇಕು. ಇಳಿಯದಿದ್ದರೆ ಮತ್ತೆ ಥರ್ಮಾಮೀಟರ್ ಇಡಿ, ಡಾಕ್ಟರಿಗೆ ಹೇಳಿ.

ಇಲ್ಲಿ ಒಂದು ಎಚ್ಚರಿಕೆ ಕೊಡದೆ ಮುಂದೆ ಹೋಗಲಾರೆ. ದನಕ್ಕೆ ಕಷಾಯ ಕುಡಿಸುವ ಹಾಗೆ ಕುದುರೆಗೆ ಗೊಟ್ಟದಲ್ಲಿ ಏನನ್ನೂ ಎರೆಯಬೇಡಿ. ಕತ್ತು ಎತ್ತಿ ಹಿಡಿದು ಸುರಿದದ್ದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಇಳಿದರೆ ನ್ಯುಮೋನಿಯಾ ಆಗುತ್ತದೆ. ಶುಂಠಿ ಕಷಾಯವಾಗಲಿ, ಮೆಣಸಿನ ಕಷಾಯವಾಗಲಿ, ಬೇಡವೇ ಬೇಡ. ಮೈ ಬೆಚ್ಚಗಾಗುತ್ತದೆ ಅಂತ ರಮ್ ಕುಡಿಸುವುದೂ ತಪ್ಪು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಬಿಸಿಯನ್ನು ಇನ್ನಷ್ಟು ಹೊರಗೆ ಬಿಡುತ್ತದೆ.

ದಿನಾ ಒದ್ದೆಯಾಗುತ್ತಿದ್ದರೆ ನೀರಿನ ದಾರಿ ಹುಡುಕಿ

ಒಮ್ಮೆ ತೊಯ್ದದ್ದನ್ನು ಒಣಗಿಸಬಹುದು. ಲಾಯದೊಳಗೆ ಕಟ್ಟಿದ ಕುದುರೆ ಬೆಳಿಗ್ಗೆ ಬೆಳಿಗ್ಗೆ ಒದ್ದೆಯಾಗಿ ಸಿಕ್ಕರೆ ತೊಂದರೆ ಕಟ್ಟಡದ್ದು. ಯಾವ ಭಾಗ ಒದ್ದೆಯಾಗಿದೆ ಅಂತ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಒಂದು ಪಕ್ಕ ಮಾತ್ರ ಒದ್ದೆಯಾಗಿದ್ದರೆ ಇರಚಲು. ನಮ್ಮ ಮುಂಗಾರಿನ ಗಾಳಿ ಬರುವುದು ಪಡುವಣದಿಂದ, ನೈಋತ್ಯದಿಂದ. ಆ ಕಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿ. ಮನೆಯ ಜಗಲಿಗೆ ಕಟ್ಟುತ್ತೇವಲ್ಲ, ಅದೇ ತಟ್ಟಿ. ನಾಲ್ಕೂ ಕಡೆ ಮುಚ್ಚಬೇಡಿ. ಪೂರ್ವದ ಕಡೆ ತೆರೆದಿರಲಿ, ಮಾಡಿನ ಕೆಳಗೆ ಗಾಳಿ ಹೋಗಲು ಸಂದು ಇರಲಿ. ಪೂರ್ತಿ ಮುಚ್ಚಿದ ಲಾಯದಲ್ಲಿ ಮೂತ್ರದಿಂದ ಏಳುವ ಅಮೋನಿಯಾ ನಿಂತು ಕುದುರೆಯ ಶ್ವಾಸಕೋಶ ಕೆಡುತ್ತದೆ. ಬೆಳಿಗ್ಗೆ ಒಳಗೆ ಹೋದಾಗ ನಿಮ್ಮ ಕಣ್ಣು ಉರಿದರೆ ಗಾಳಿ ಸಾಲದು ಅಂತ ಅರ್ಥ. ಸೊಳ್ಳೆಗೆ ಅಂತ ಕೊಟ್ಟಿಗೆಯಲ್ಲಿ ಹೊಗೆ ಹಾಕುವ ರೂಢಿ ಇದೆ. ಕುದುರೆ ಇರುವಲ್ಲಿ ಅದನ್ನು ಬಿಡಿ.

ಬೆನ್ನ ಮೇಲೆ ಚುಕ್ಕಿ ಚುಕ್ಕಿಯಾಗಿ ಒದ್ದೆ, ಆದರೆ ಮಳೆ ಬರುವಾಗ ಸೋರುವುದಿಲ್ಲ. ಇದು ತಗಡಿನ ಮಾಡಿನ ತೊಂದರೆ. ಕುದುರೆಯ ಉಸಿರಿನ, ಮೈಯ ಆವಿ ತಣ್ಣನೆಯ ತಗಡಿಗೆ ತಾಗಿ ನೀರಾಗಿ ಬೆಳಗಿನ ಜಾವ ಹನಿಯುತ್ತದೆ. ಸಾಗರದ ಕಡೆಯ ಒಬ್ಬರು ತಗಡಿನ ಮೊಳೆ ತೂತುಗಳಿಗೆಲ್ಲ ಟಾರು ಬಳಿದು ಬಳಿದು ಸೋತಿದ್ದರು. ನೀರು ಹೊರಗಿನಿಂದ ಬರುತ್ತಲೇ ಇರಲಿಲ್ಲ. ಮಾಡಿನ ತುದಿಯಲ್ಲಿ ಆವಿ ಹೋಗಲು ಜಾಗ ಬಿಟ್ಟು, ತಗಡಿನ ಕೆಳಗೆ ಸೋಗೆ ಹೊದಿಸಿದ ಮೇಲೆ ಹನಿಯುವುದು ನಿಂತಿತು.

ಹೊಟ್ಟೆ, ಕಾಲು, ಮಲಗಿದ ಪಕ್ಕ ಒದ್ದೆಯಾಗಿದ್ದರೆ ನೆಲ ನೋಡಿ. ಧರೆ (ಗುಡ್ಡದ ಅಂಚು) ಕಡಿದು ಕಟ್ಟಿದ ಲಾಯಗಳಲ್ಲಿ ಪುಷ್ಯ ಮಳೆ ಹೊತ್ತಿಗೆ ನೆಲದಲ್ಲಿ ಜಲ ಏಳುತ್ತದೆ. ಮೇಲೆಷ್ಟು ಹುಲ್ಲು ಹಾಸಿದರೂ ರಾತ್ರಿ ಕಳೆಯುವುದರೊಳಗೆ ಕೆಳಗಿನಿಂದ ನೀರು ಹೀರಿಕೊಂಡಿರುತ್ತದೆ. ಧರೆಯ ಬುಡದಲ್ಲಿ ಲಾಯದ ನೆಲಕ್ಕಿಂತ ಆಳವಾಗಿ ಬಸಿಗಾಲುವೆ ತೆಗೆದು ನೀರನ್ನು ಪಕ್ಕಕ್ಕೆ ತಿರುಗಿಸಿ. ನೆಲವನ್ನು ಜಂಬಿಟ್ಟಿಗೆ ಕಲ್ಲು, ಜಲ್ಲಿ ಹಾಕಿ ಎತ್ತರಿಸಿ. ತೋಟದಲ್ಲಿ ಅಡಿಕೆ ಮರದ ಬುಡಕ್ಕೆ ನೀರು ನಿಲ್ಲದಂತೆ ನೋಡಿಕೊಳ್ಳುವವರಿಗೆ ಈ ಕೆಲಸ ಹೇಳಿಕೊಡಬೇಕಾಗಿಲ್ಲ.

ಹಾಸು ಒಣಗಿದೆಯಾ ಅಂತ ತಿಳಿಯಲು ಅದರ ಮೇಲೆ ಒಂದು ನಿಮಿಷ ಮಂಡಿಯೂರಿ ಕೂರಿ. ಬಟ್ಟೆ ಒದ್ದೆಯಾದರೆ ಹಾಸು ಬದಲಿಸಬೇಕು. ಕರಡ, ಉಮಿ, ಮರದ ಮಿಲ್ಲಿನ ಹೊಟ್ಟು ಎಲ್ಲವೂ ಆಗುತ್ತದೆ, ಆದರೆ ಗೇಣು ದಪ್ಪವಾದರೂ ಬೇಕು. ಇನ್ನೊಂದು ಗುರುತಿದೆ. ಬೆಳಿಗ್ಗೆ ಕುದುರೆಯ ಮೈಗೆ ಹಾಸಿನ ಚೂರು ಅಂಟಿಕೊಂಡಿದ್ದರೆ ಅದು ರಾತ್ರಿ ಮಲಗಿದೆ. ಎಷ್ಟೋ ದಿನದಿಂದ ಒಂದು ಚೂರೂ ಕಾಣದಿದ್ದರೆ ನೆಲದ ಒದ್ದೆಗೆ ಹೆದರಿ ಅದು ನಿಂತೇ ರಾತ್ರಿ ಕಳೆಯುತ್ತಿದೆ. ಕುದುರೆ ನಿಂತು ತೂಕಡಿಸಬಲ್ಲದು, ಗಾಢ ನಿದ್ದೆಗೆ ಮಾತ್ರ ಮಲಗಲೇಬೇಕು. ನಿದ್ದೆಗೆಟ್ಟ ಕುದುರೆ ಚಳಿಯನ್ನೂ ತಡೆಯಲಾರದು.

ಹೊದಿಕೆಯೇ ಒದ್ದೆ ಮಾಡುತ್ತಿದೆಯಾ?

ಹೊದಿಕೆಯ ಒಳಗೆ ಹೆಗಲ ಹತ್ತಿರ ಕೈ ಹಾಕಿ. ಒಣಗಿ ಬೆಚ್ಚಗಿದ್ದರೆ ಸರಿ. ಬಿಸಿಯಾಗಿ ಪಸೆಪಸೆ ಅನ್ನಿಸಿದರೆ ಬೆವರು, ಹೊದಿಕೆ ದಪ್ಪವಾಯಿತು. ತಣ್ಣಗೆ ಒದ್ದೆಯಾಗಿದ್ದರೆ ನೀರು ಒಳಗಿಳಿದಿದೆ. ಎರಡರಲ್ಲೂ ಅದನ್ನು ತೆಗೆದುಹಾಕಬೇಕು. ನೆನೆದ ಹೊದಿಕೆಗಿಂತ ಬರಿಮೈ ಎಷ್ಟೋ ವಾಸಿ.

ಪ್ಲಾಸ್ಟಿಕ್ ಟಾರ್ಪಾಲನ್ನು ಮೈಗೆ ಕಟ್ಟುವವರಿದ್ದಾರೆ. ಹೊರಗಿನ ನೀರು ಬಾರದು ನಿಜ, ಆದರೆ ಒಳಗಿನ ಬೆವರು ಹೋಗುವುದಕ್ಕೂ ದಾರಿಯಿಲ್ಲ. ಉಣ್ಣೆಯ ಕಂಬಳಿ ಸ್ವಲ್ಪ ಒದ್ದೆಯಾದರೂ ಬೆಚ್ಚಗೇ ಇರುತ್ತದೆ, ಗದ್ದೆಗೆ ಕಂಬಳಿ ಕೊಪ್ಪೆ ಹಾಕಿಕೊಂಡು ಹೋಗುತ್ತಿದ್ದವರಿಗೆಲ್ಲ ಇದು ಗೊತ್ತು. ಆದರೆ ಪೂರ್ತಿ ನೆನೆದರೆ ಭಾರ, ಮತ್ತೆ ಒಣಗಲು ದಿನಗಟ್ಟಲೆ ಬೇಕು. ಹಾಗಾಗಿ ಕಂಬಳಿ ಲಾಯದ ಒಳಗೆ ಮಾತ್ರ. ಹೊರಗೆ ಬಿಡುವುದಾದರೆ ನೀರು ತಡೆಯುವ, ಆವಿ ಬಿಡುವ ಕುದುರೆ ಹೊದಿಕೆಯೇ ಬೇಕು. ಒಂದು ಮೈಮೇಲಿದ್ದಾಗ ಒಣಗಿದ್ದು ಇನ್ನೊಂದು ಕೈಯಲ್ಲಿರಬೇಕು. ಎರಡು ಕೊಳ್ಳಲು ಆಗದಿದ್ದರೆ ಹೊದಿಕೆ ಬಿಟ್ಟು ಮಾಡು ಸರಿಮಾಡಿಸಿ ಅನ್ನುವುದು ನನ್ನ ಸಲಹೆ.

ಸೋಪು ಹಾಕಿ ತೊಳೆಯುವುದನ್ನೂ ಮಳೆಗಾಲದಲ್ಲಿ ನಿಲ್ಲಿಸಿ. ಕೂದಲಿನ ಎಣ್ಣೆಯಂಶವೇ ನೀರನ್ನು ಜಾರಿಸುವುದು. ಮದುವೆ ಮೆರವಣಿಗೆಗೆ ಹೋಗುವ ಕುದುರೆಗಳನ್ನು ಪ್ರತಿ ಸಲ ಶ್ಯಾಂಪೂ ಹಾಕಿ ತಿಕ್ಕುತ್ತಾರೆ. ನೋಡಲು ಹೊಳೆಯುತ್ತದೆ, ಮೊದಲ ಮಳೆಗೇ ಚರ್ಮದವರೆಗೂ ನೆನೆಯುತ್ತದೆ.

ಮೈ ಒಣಗಿದೆ, ಆದರೂ ಚಳಿ

ಹಾಗಿದ್ದರೆ ಹೊಟ್ಟೆ ಕಡೆ ನೋಡಿ. ಗೊಬ್ಬರಗುಂಡಿಗೆ ಕೈ ಹಾಕಿದರೆ ಒಳಗೆ ಬಿಸಿ ಇರುತ್ತದಲ್ಲ, ಕುದುರೆಯ ದೊಡ್ಡ ಕರುಳಿನಲ್ಲಿ ನಡೆಯುವುದೂ ಅದೇ ಕೆಲಸ. ನಾರಿನ ಮೇವನ್ನು ಅಲ್ಲಿನ ಸೂಕ್ಷ್ಮಜೀವಿಗಳು ಕೊಳೆಸುತ್ತವೆ, ಅದರಿಂದ ಗಂಟೆಗಟ್ಟಲೆ ಬಿಸಿ ಹುಟ್ಟುತ್ತದೆ. ಕಾಳಿನಿಂದ ಇಷ್ಟು ಬಿಸಿ ಬರುವುದಿಲ್ಲ. ಚಳಿ ಅಂತ ಹುರುಳಿ ಜಾಸ್ತಿ ಮಾಡುವುದಕ್ಕಿಂತ ರಾತ್ರಿಯ ಹುಲ್ಲು ಜಾಸ್ತಿ ಮಾಡುವುದು ಮೇಲು. ಕಾಳನ್ನು ಒಮ್ಮೆಲೇ ಏರಿಸಿದರೆ ಹೊಟ್ಟೆಶೂಲೆ, ಗೊರಸಿನ ಉರಿಯೂತ ಎರಡೂ ಬರಬಹುದು.

ಲೆಕ್ಕ ಹೀಗೆ. ಮೈತೂಕದ ಶೇಕಡಾ 2ರಷ್ಟು ಒಣ ಮೇವು ದಿನಕ್ಕೆ ಬೇಕು, ಜೋರು ಮಳೆಯ ದಿನಗಳಲ್ಲಿ ಶೇಕಡಾ 2.5. ತೂಕ ತಿಳಿಯಲು ಟೇಪು ಸಾಕು. ಮುಂಗಾಲ ಹಿಂದಿನ ಎದೆ ಸುತ್ತಳತೆಯನ್ನೂ, ಹೆಗಲ ಮುಂತುದಿಯಿಂದ ಪೃಷ್ಠದ ತುದಿವರೆಗಿನ ಉದ್ದವನ್ನೂ ಸೆಂಟಿಮೀಟರಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,900ರಿಂದ ಭಾಗಿಸಿ. ಸುತ್ತಳತೆ 150, ಉದ್ದ 145 ಇದ್ದರೆ ತೂಕ ಸುಮಾರು 274 ಕಿಲೋ. ಅದಕ್ಕೆ ದಿನಕ್ಕೆ ಐದೂವರೆಯಿಂದ ಏಳು ಕಿಲೋ ಒಣ ಮೇವು.

"ಸುತ್ತ ಎಲ್ಲಿ ನೋಡಿದರೂ ಹಸಿರು ಹುಲ್ಲೇ, ಕುದುರೆ ಯಾಕೆ ಬಡವಾಗ್ತಿದೆ?" ಅಂತ ಕೇಳುವವರಿಗೆ ಉತ್ತರ ಈ ಲೆಕ್ಕದಲ್ಲೇ ಇದೆ. ಮಳೆಗಾಲದ ಎಳೆ ಹುಲ್ಲಿನಲ್ಲಿ ಸುಮಾರು ಐದರಲ್ಲಿ ನಾಲ್ಕು ಭಾಗ ನೀರು. ಆರು ಕಿಲೋ ಒಣ ಮೇವಿನ ಸಾರ ಸಿಗಬೇಕಾದರೆ 30 ಕಿಲೋ ಹಸಿ ಹುಲ್ಲು ತಿನ್ನಬೇಕು. ಸುರಿಯುವ ಮಳೆಯಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತ ಕುದುರೆ ಅಷ್ಟು ಮೇಯುವುದಿಲ್ಲ. ಹೊಟ್ಟೆ ದುಂಡಗೆ ಕಾಣುತ್ತದೆ, ಪಕ್ಕೆಲುಬು ಎದ್ದಿರುತ್ತದೆ. ಬರಿ ಭತ್ತದ ಹುಲ್ಲೂ ಸಾಲದು. ಅದರಲ್ಲಿ ಪೌಷ್ಟಿಕಾಂಶ ಕಡಿಮೆ, ನೀರು ಕಡಿಮೆ ಕುಡಿದರೆ ಕರುಳಿನಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಬಯಲುಸೀಮೆ ಕಡೆಯಿಂದ ರಾಗಿ ಹುಲ್ಲು ತರಿಸಲು ಸಾಧ್ಯವಾದರೆ ತರಿಸಿ, ಬೇಸಿಗೆಯಲ್ಲೇ ತರಿಸಿ.

ಬೂಷ್ಟು ಹಿಡಿದ ಹುಲ್ಲು, ಬೂಷ್ಟು ಹಿಡಿದ ಜೋಳ ಕುದುರೆಗೆ ಹಾಕಲೇಬಾರದು. ದನ ತಡೆದುಕೊಳ್ಳುವುದನ್ನು ಕುದುರೆ ತಡೆದುಕೊಳ್ಳುವುದಿಲ್ಲ. ಅದಕ್ಕೆ ವಾಂತಿ ಮಾಡಿ ಹೊರಹಾಕುವ ಶಕ್ತಿಯೂ ಇಲ್ಲ. ದನ, ಕೋಳಿಗೆ ಮಾಡಿದ ಕೆಲವು ಆಹಾರಗಳಲ್ಲಿ ಮೊನೆನ್ಸಿನ್ ಎಂಬ ಔಷಧಿ ಬೆರೆಸಿರುತ್ತಾರೆ. ಕುದುರೆಯ ಹೃದಯಕ್ಕೆ ಅದು ವಿಷ. ಚೀಲದ ಮೇಲೆ ಬರೆದದ್ದನ್ನು ಓದದೆ ಹಾಕಬೇಡಿ.

ಶಿವಮೊಗ್ಗ, ಭದ್ರಾವತಿಯಲ್ಲಿ ಮೆರವಣಿಗೆಗೆ ಕುದುರೆ ಇಟ್ಟುಕೊಂಡವರ ಕಷ್ಟ ಬೇರೆ ಥರದ್ದು. ಆಷಾಢದಲ್ಲಿ ಮದುವೆ ಇಲ್ಲ, ಸಂಪಾದನೆ ಇಲ್ಲ. ಕೆಲಸ ಇಲ್ಲವಲ್ಲ ಅಂತ ಮೇವು ಕಡಿಮೆ ಮಾಡುತ್ತಾರೆ. ಮಳೆ ಜೋರಾಗುವುದೂ ಅದೇ ತಿಂಗಳು. ಅವರ ಬಡತನ ನನಗೆ ಅರ್ಥವಾಗುತ್ತದೆ. ಆದರೂ ಹೇಳಲೇಬೇಕು, ಕಡಿಮೆ ಮಾಡುವುದಿದ್ದರೆ ಕಾಳು ಕಡಿಮೆ ಮಾಡಿ, ಹುಲ್ಲು ಮಾತ್ರ ಮುಟ್ಟಬೇಡಿ.

ನೀರನ್ನೂ ಗಮನಿಸಿ. ತಣ್ಣನೆ ದಿನಗಳಲ್ಲಿ ಕುದುರೆ ನೀರು ಕಡಿಮೆ ಕುಡಿಯುತ್ತದೆ. ಲದ್ದಿ ಸಣ್ಣದಾಗಿ, ಗಟ್ಟಿಯಾಗಿ, ಒಣಗಿದಂತೆ ಬಿದ್ದರೆ ಅದು ಮೊದಲ ಸೂಚನೆ. ಬೆಚ್ಚಗಿನ ನೀರು ಕೊಡಿ, ನೆಕ್ಕಲು ಉಪ್ಪು ಇಡಿ.

ಎಲ್ಲ ಸರಿ ಇದ್ದೂ ಒಂದೇ ಕುದುರೆ ನಡುಗಿದರೆ

ಒಂದೇ ಲಾಯ, ಒಂದೇ ಮೇವು, ಉಳಿದವು ಆರಾಮಾಗಿವೆ. ಆಗ ಆ ಕುದುರೆಯನ್ನೇ ಪರೀಕ್ಷಿಸಿ. ಕಣ್ಣಿಗೆ ಕಂಡದ್ದನ್ನು ನಂಬದೆ ಪಕ್ಕೆಲುಬಿನ ಮೇಲೆ ಅಂಗೈ ಆಡಿಸಿ. ದಟ್ಟ ಕೂದಲು ಬಡಕಲು ಮೈಯನ್ನು ಮುಚ್ಚಿಡುತ್ತದೆ. ಲೆಕ್ಕ ಹಾಕುವಷ್ಟು ಸಲೀಸಾಗಿ ಎಲುಬು ಕೈಗೆ ಸಿಕ್ಕರೆ ಹಲ್ಲು ನೋಡಿಸಿ. ಅರ್ಧ ಅಗಿದ ಹುಲ್ಲಿನ ಉಂಡೆಗಳು ಗೋದಲಿಯ ಕೆಳಗೆ ಬಿದ್ದಿದ್ದರೆ ಹಲ್ಲಿನದೇ ತೊಂದರೆ. ಹಲ್ಲು ಸರಿ ಇದ್ದರೆ ಲದ್ದಿ ಪರೀಕ್ಷೆ ಮಾಡಿಸಿ, ಜಂತುಹುಳು ಇರಬಹುದು.

ತಳಿಯೂ ಲೆಕ್ಕಕ್ಕೆ ಬರುತ್ತದೆ. ಕುರಿಗಾರರ ಜೊತೆ ಊರೂರು ತಿರುಗುವ ತಟ್ಟು ಕುದುರೆಗೂ, ರೇಸಿನಿಂದ ನಿವೃತ್ತಿಯಾಗಿ ಹೋಂಸ್ಟೇಗೆ ಬಂದ ಥರೋಬ್ರೆಡ್‌ಗೂ ಬಹಳ ಅಂತರ. ತೆಳು ಚರ್ಮ, ಸಣ್ಣ ಕೂದಲಿನ ಥರೋಬ್ರೆಡ್‌ಗೆ ಮಲೆನಾಡಿನ ಮೊದಲ ಮಳೆಗಾಲ ಕಷ್ಟವೇ. ಅಂಥದ್ದನ್ನು ಜೂನ್‌ನಲ್ಲಿ ತರಬೇಡಿ. ಮಳೆ ನಿಂತ ಮೇಲೆ ತಂದರೆ ಅಡಿಕೆ ಕೊಯ್ಲಿನ ಕಾಲದ ಚಳಿಗೆ ಮೈ ನಿಧಾನಕ್ಕೆ ಒಗ್ಗುತ್ತದೆ. ಮುದಿ ಕುದುರೆಗೂ ಮರಿಗೂ ಹೊದಿಕೆ ಹಾಕುವುದರಲ್ಲಿ ತಪ್ಪಿಲ್ಲ.

ಚರ್ಮ ಮತ್ತು ಗೊರಸು

ಬೆನ್ನಿನ ಮೇಲೆ ಕೂದಲು ಗಂಟುಗಂಟಾಗಿ, ಕೆಳಗೆ ಹೆಕ್ಕಳೆ ಕಟ್ಟಿದ್ದರೆ ಡರ್ಮಟೋಫಿಲಸ್ ಎಂಬ ಬ್ಯಾಕ್ಟೀರಿಯಾದ ಸೋಂಕು. ಮೈ ಹಲವು ದಿನ ಒದ್ದೆ ಇತ್ತು ಅನ್ನುವುದಕ್ಕೆ ಇದೇ ಸಾಕ್ಷಿ. ಎಣ್ಣೆ, ಮುಲಾಮು ಮೆತ್ತಬೇಡಿ, ಗಾಳಿಯಾಡದ ಕಡೆ ಅದು ಇನ್ನೂ ಬೆಳೆಯುತ್ತದೆ. ಕ್ಲೋರ್‌ಹೆಕ್ಸಿಡಿನ್ ನೀರಿನಲ್ಲಿ ಹೆಕ್ಕಳೆ ನೆನೆಸಿ, ಮೆದುವಾದದ್ದನ್ನು ಮಾತ್ರ ತೆಗೆದು, ಪೂರ್ತಿ ಒಣಗಿಸಿ. ಆ ಕುದುರೆಯ ಬ್ರಷ್ ಬೇರೆಯದಕ್ಕೆ ಬಳಸಬೇಡಿ. ಗೊರಸಿನ ತಳದ ಮೆತ್ತನೆ ಭಾಗದಲ್ಲಿ ಕಪ್ಪು ಕೊಳೆ, ಕೆಟ್ಟ ನಾತ ಇದ್ದರೆ ದಿನಾ ಕೆರೆದು ಶುಚಿ ಮಾಡಿ, ಅಯೋಡಿನ್ ಹಚ್ಚಿ, ಒಣ ನೆಲದಲ್ಲಿ ನಿಲ್ಲಿಸಿ. ನೆಲ ಒಣಗದೆ ಔಷಧಿ ಕೆಲಸ ಮಾಡುವುದಿಲ್ಲ.

ಡಾಕ್ಟರಿಗೆ ಫೋನ್ ಮಾಡುವಾಗ

"ಚಳಿಗೆ ನಡುಗ್ತಿದೆ ಸಾರ್" ಅಂತಷ್ಟೇ ಹೇಳಿದರೆ ಅವರಿಗೆ ಏನೂ ತಿಳಿಯುವುದಿಲ್ಲ. ಉಷ್ಣತೆ ಎಷ್ಟು, ಒಸಡಿನ ಬಣ್ಣ ಏನು, ನಿಮಿಷಕ್ಕೆ ಉಸಿರು ಎಷ್ಟು ಅಂತ ಬರೆದಿಟ್ಟುಕೊಳ್ಳಿ. ಸುಮ್ನೆ ನಿಂತ ಕುದುರೆಯ ಉಸಿರು 8ರಿಂದ 16, ನಾಡಿ 28ರಿಂದ 44 ಇರಬೇಕು. ಕೊನೆಯ ಸಲ ಲದ್ದಿ ಹಾಕಿದ್ದು ಯಾವಾಗ, ನೀರು ಕುಡಿದಿದ್ದು ಯಾವಾಗ, ಒಣಗಿಸಿದ ಮೇಲೆ ನಡುಕ ಇಳಿಯಿತೋ ಇಲ್ಲವೋ, ಇದನ್ನೂ ಹೇಳಿ. ಸಂಚಾರಿ ಪಶುಚಿಕಿತ್ಸೆಗೆ 1962 ಸಂಖ್ಯೆ ಇದೆ. ರಕ್ತ, ಲದ್ದಿ ಪರೀಕ್ಷೆಗೆ ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯವನ್ನು ಕೇಳಿ. ಘಟ್ಟದ ಕಡೆ ಮರ ಬಿದ್ದು ರಸ್ತೆ ಮುಚ್ಚುವುದು ಮಾಮೂಲಿ, ಫೋನ್ ಸಿಗ್ನಲ್ಲೂ ಹೋಗುತ್ತದೆ. ಅದಕ್ಕೇ ಜ್ವರ ಕಂಡರೆ ಬೆಳಗಾಗಲಿ ಅಂತ ಕಾಯದೆ ಆಗಲೇ ಫೋನ್ ಮಾಡಿ.